ಗ್ವಾಡಿ ಆಚಿ ಬೀಗರು

ನಮ್ಮ ಸೇಡಮ್ಮಿನಾಗ ತೊಗರಿ ಹೊಲಕ್ಕ ನಾಕು ಕಲ್ಲು ನೆಟ್ಟರ ಲೇಔಟ್ ಆಯ್ತು. ಮನಿ ಬರ್ತಾವ, ದಾರಿ ಬರಂಗಿಲ್ಲ. ಹಿಂಗಾಗಿ ವಾರಕ್ಕೊಮ್ಮೆ ಯಾರಾದ್ರೂ ದಾರಿ ತಪ್ಪಿ ಬಂದು ನಗಸ್ತಾರ. ಉಳಿದ ದಿನ ನಾ ಇದ್ದೇ ಇದ್ದೀನಿ.

೧. ಸೀನು

ನಮ್ಮ ಹಿತ್ತಲದಾಗ ತಲಿಮಟ್ಟ ಶಹಾಬಾದಿ ಕಲ್ಲಿನ ಗ್ವಾಡಿ. ಆಚಿ ಮತ್ತೊಂದು ಲೇಔಟ್. ನಡಕ ದಾರಿ ಬಿಡಲಿಲ್ಲ. ಇಬ್ಬರು ಮಾಲಕರಿಗೂ ಮಾತಿಲ್ಲ. ಆಚಿ ಮನ್ಯಾಕಿನ್ನ ನಾವು ಖಾಲಾ, ಅಂದ್ರ ಚಿಗವ್ವ, ಅಂತೀವಿ. ಆಕಿ ಒಗ್ಗರಣಿ ಹಾಕಿದ್ರ ಈಚಿ ನಮ್ಮವ್ವ ಸೀನ್ತಾಳ. "ಖಾರ ಭಾಳಾತೇನವ್ವಾ?" ಅಂತ ಅಲ್ಲಿಂದಲೇ ಕೇಳ್ತಾಳ ಖಾಲಾ. ಆದ್ರ ಅವರ ಮನಿಗಿ ಹೋಗಬೇಕಂದ್ರ ಮೇನ್ ರೋಡ್ ಹಿಡಿದು, ಪೆಟ್ರೋಲ್ ಬಂಕ್ ಸುತ್ತಬೇಕು. ಒಗ್ಗರಣಿಗಿ ಇದ್ದ ದಾರಿ ಮನಷ್ಯಾರಿಗಿಲ್ಲ.

೨. ಬಾಣ

ಗ್ಯಾಸ್ ಸಿಲಿಂಡರ್ ತರೋ ಹೊಸ ಆಟೋದಾಂವ ಒಮ್ಮೆ ನನಗ "ಸಾಲಿ ಬಿಟ್ಟ ದಡ್ಡ" ಅಂದ. ಮೇನ್ ರೋಡಿಗಿ ನಮ್ಮ ಲೇಔಟಿನ ಬಾಣದ ಬೋರ್ಡ್ ಅದ. ಬಾಣ ಆಚಿ ಲೇಔಟಿಗಿ ತಿರುವಿಟ್ಟೆ. ಪಾಪ, ಓದಾಕ ಬರೋನು, ಓದಿಕೊಂಡೇ ಹೋದ. ಮೂರು ಸಲ ಸುತ್ತಿ ಗ್ವಾಡಿ ಆಚಿಂದ ಒದರಿದ: "ತಮ್ಮಾ, ನಿಮ್ಮ ಮನಿಗಿ ಹ್ಯಾಂಗ ಬರೋದೋ?"

"ಬೋರ್ಡ್ ಓದ್ರಿ" ಅಂದೆ.

ಬಾಣ ಹೊಳ್ಳಿ ತಿರುವೋದು ಮರತೆ.

೩. ಗ್ವಾಡಿ ಮ್ಯಾಲ ಕನ್ಯಾ

ಐತವಾರ ಅಕ್ಕನ್ನ ನೋಡಾಕ ಚಿಂಚೋಳಿಯವರು ಬರೋರಿದ್ದರು. ಇದಕ್ಕ ಮದಲ ವಾಡಿ ಊರಿಂದ ಬಂದವರು ಮನಿ ಸಿಗಲಾರದೆ ಸಿಟ್ಟಿಗೆದ್ದು ವಾಪಸ್ ಹೋಗಿದ್ದರು. "ಇವರೂ ಹೋದ್ರ ಮುಗೀತು" ಅಂತ ಅಪ್ಪ ಮುಂಜಾನಿಂದ ನೀರು ಕುಡದಿದ್ದಿಲ್ಲ.

ಸಂಜೀಕ ಜೀಪು ಬಂತು. ಖಾಲಾನ ಬಾಗಲಕ್ಕ! ಖಾಲಾ ಅವರನ್ನ ಗ್ವಾಡಿ ಹಂತ್ಯಾಕ ಕರಕೊಂಡು ಬಂದಳು.

ಅಪ್ಪ ಈಚಿ ಹಿತ್ತಲದಾಗ ಸ್ಟೂಲ್ ಏರಿ ಇಣುಕಿ, "ಬರ್ರಿ, ಬರ್ರಿ, ಕುಂದ್ರಿ!" ಅಂದ.

"ಎಲ್ಲಿ ಕುಂದ್ರೋದ್ರಿ, ಗ್ವಾಡಿ ಮ್ಯಾಲೇನು?" ಅಂದ ವರನ ಅಪ್ಪ.

ಸುತ್ತಿ ಬರೋದ್ರಾಗ ರಾಹುಕಾಲ ಹತ್ತತದ ಅಂತ ಅಲ್ಲೇ ಕನ್ಯಾ ನೋಡೋದು ಅಂದ್ರು. ಖಾಲಾ ಕುಂದ್ರಾಕ ಹಗ್ಗದ ಹೊರಸು ಹಾಕಿದಳು. ನಮ್ಮ ಮನಿ ಚುರಮುರಿ ಸುಸಲಾ ಗ್ವಾಡಿ ದಾಟಿತು. ಅಕ್ಕ ಚಾದ ತಾಟು ಹಿಡಿದು ಸ್ಟೂಲ್ ಏರಿದಳು.

ವರನ ಅವ್ವ, "ಮಾರಿ ಛಲೋ ಅದ. ನಡಿಗಿ ನೋಡಬೇಕಲ್ಲಾ?"

"ಇಳದು ನಡದ್ರ ನಿಮಗ ಕಾಣಂಗಿಲ್ರಿ" ಅಂದ ಅಪ್ಪ.

ಅಷ್ಟರಾಗ ವರನೇ ಗ್ವಾಡಿ ಹಾರಿ ನಮ್ಮವ್ವನ ಒಣಮೆಣಸಿನಕಾಯಿ ರಾಶಿಗಿ ಬಿದ್ದ. ಸೀನಿಕೋತ ಎದ್ದು, "ನಡಿಗಿ ಬ್ಯಾಡವ್ವಾ, ನಾನೇ ಬಂದೀನಿ" ಅಂದ.

"ದಾರಿ ಇಲ್ಲಂದ್ರೂ ಬಂದಾನ. ಇವನೇ ಇರಲಿ" ಅಂದಳು ಅಕ್ಕ.

"ನಮಗೂ ಒಪ್ಪಿಗಿ. ಆದ್ರ ಒಂದು ಕರಾರು" ಅಂದ ವರನ ಅಪ್ಪ. "ಆ ಬೋರ್ಡ್ ತಿರುವಿದ ಖೋಡಿ ಯಾರು, ಹಿಡೀರಿ."

ನಮ್ಮಪ್ಪ ನನ್ನ ಕಡಿ ನೋಡಿ ಹೊಡ್ಯಾಕ ಬಡಿಗಿ ಹುಡುಕಿದ. ನಾ ಗ್ವಾಡಿ ಹಾರಿ ಬೀಗರ ಕಡಿ ಹೋದೆ. ವಯಸ್ಸಾದ ಅಪ್ಪ ಮೇನ್ ರೋಡ್ ಹಿಡಿದು, ಬಂಕ್ ಸುತ್ತಿ ಬರೋತನಕ ಖಾಲಾನ ಹೊರಸಿನ ಮ್ಯಾಲ ಕುಂತು ಎರಡು ಪ್ಲೇಟ್ ಸುಸಲಾ ತಿಂದೆ. ಅಪ್ಪ ಬಂದ ಮ್ಯಾಲ ಹೊಳ್ಳಿ ಹಾರಿದೆ.