ಹುಳ ಮುಟ್ಟದ ತರಕಾರಿಯ ಪಟ್ಟಿ

ಸಲಹೆ ಕೊಡುವುದನ್ನೇ ಸಂಬಳದ ಕೆಲಸ ಮಾಡಿಕೊಂಡವನಿಗೆ ನಗೆಪಾಟಲಿನ ಬರ ಎಂದೂ ಬರುವುದಿಲ್ಲ. ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ನಾನು ಉಡುಪಿ, ಕಾರ್ಕಳದ ಕಡೆ ಗ್ರಾಮಸೇವಕನಾಗಿದ್ದೆ. ಸುಗ್ಗಿ ಬೆಳೆ ಕೊಯ್ದ ಗದ್ದೆಯನ್ನು ಬೇಸಗೆಯಲ್ಲಿ ಖಾಲಿ ಬಿಡಬೇಡಿ, ತರಕಾರಿ ಹಾಕಿ ಎಂದು ಸೈಕಲ್ಲಿನಲ್ಲಿ ಮನೆಮನೆಗೆ ಹೋಗಿ ಹೇಳಬೇಕು. ಹೋದಲ್ಲೆಲ್ಲ ಒಂದೇ ಪ್ರಶ್ನೆ: "ಹುಳ ಮುಟ್ಟದ್ದು ಎಂತದ್ದಾದರೂ ಉಂಟಾ?" ನಾನು ಕೊಟ್ಟ ಉತ್ತರಗಳನ್ನೆಲ್ಲ ಒಂದಲ್ಲ ಒಂದು ಹುಳ ತಿಂದು ಮುಗಿಸಿತು. ಇದರಲ್ಲಿ ನಗುವಂಥದ್ದೂ ಉಂಟು, ನಗಬಾರದ್ದೂ ಉಂಟು. ಇಷ್ಟು ವರ್ಷದ ಮೇಲೆ ಎರಡನ್ನೂ ಬೇರೆ ಮಾಡಲು ನನ್ನಿಂದ ಆಗುವುದಿಲ್ಲ.

೧. ಡಬ್ಬಿಯ ಔಷಧಿ

ಪೆರ್ಡೂರಿನಲ್ಲಿ ಒಬ್ಬ ನಿವೃತ್ತ ಮಾಸ್ತರರಿದ್ದರು. ನನ್ನ ದಾರಿಯಲ್ಲೇ ಅವರ ಮನೆ. ಬಿಸಿಲಿಗೆ ಬಸವಳಿದು ಹೋದರೆ ಅವರ ಹೆಂಡತಿ ಬೆಲ್ಲ, ನೀರು ತಂದಿಡುತ್ತಿದ್ದರು. ಒಂದು ಬೇಸಗೆ ಮಾಸ್ತರರು ಅಲಸಂಡೆ ಹಾಕಿದರು. ಬಳ್ಳಿಯ ತುದಿಯಲ್ಲೆಲ್ಲ ಕಪ್ಪು ಹೇನು. ನಾನು ಆಫೀಸಿನಿಂದ ಒಂದು ಡಬ್ಬಿ ಔಷಧಿ ತಂದುಕೊಟ್ಟು, "ಇದನ್ನು ಹೊಡೆಯಿರಿ, ಒಂದು ಹುಳ ಉಳಿದರೆ ನನ್ನನ್ನು ಕೇಳಿ" ಎಂದು ಎದೆ ತಟ್ಟಿ ಹೇಳಿದೆ.

ನಾಲ್ಕು ದಿನ ಬಿಟ್ಟು ಹೋದೆ. ಮಾಸ್ತರರು ಜಗಲಿಯಲ್ಲಿ ಕೂತಿದ್ದರು. ದನದ ಹಟ್ಟಿಯ ಬಾಗಿಲು ತೆರೆದೇ ಇತ್ತು. ಔಷಧಿ ಹೊಡೆದ ಮರುದಿನವೇ ದನ ಹಗ್ಗ ಹರಿದುಕೊಂಡು ಗದ್ದೆಗೆ ನುಗ್ಗಿ ಬಳ್ಳಿ ಮೇಯ್ದಿತ್ತಂತೆ. ಸಂಜೆಯ ಒಳಗೆ ಸತ್ತಿತು. ಮನೆಯಲ್ಲಿ ಇದ್ದದ್ದು ಅದೊಂದೇ ದನ. ಅವರು ನನ್ನನ್ನು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ನೀವು ಹೇಳಿದ್ದು ಸರಿ ಮಾರಾಯ್ರೆ" ಎಂದರು ಮಾಸ್ತರರು. "ಹುಳ ಒಂದೂ ಇಲ್ಲ. ದನವೂ ಇಲ್ಲ."

ಆಮೇಲೆ ಒಳಗೆ ಹೋಗಿ ಹಳೆಯದೊಂದು ಕಾಪಿ ಪುಸ್ತಕ ತಂದರು. "ನನ್ನ ಗದ್ದೆಗೆ ಇನ್ನು ಔಷಧಿ ಇಲ್ಲ. ಹುಳ ತಾನಾಗಿ ಬಿಟ್ಟು ಹೋಗುವ ತರಕಾರಿ ಯಾವುದೆಂದು ನೀವು ಹುಡುಕಬೇಕು, ನಾನು ಬರೆದಿಡುತ್ತೇನೆ. ಸಾಯುವ ಮೊದಲು ಒಮ್ಮೆ ನನ್ನ ಗದ್ದೆಯ ತರಕಾರಿ ತೂತಿಲ್ಲದೆ ನನ್ನ ಎಲೆಗೆ ಬೀಳಬೇಕು. ಬೇರೆ ಎಂತದ್ದೂ ಬೇಡ."

ದನ ಕೊಂದವನಿಗೆ ಇಷ್ಟೇ ಶಿಕ್ಷೆ. ನಾನು ಒಪ್ಪಿಕೊಂಡೆ.

೨. ಕಹಿ

ಪಟ್ಟಿಯಲ್ಲಿ ಮೊದಲು ಬರೆಸಿದ್ದು ಹಾಗಲ. ಕಹಿ ಎಂದರೆ ಮನುಷ್ಯರೇ ಮುಖ ಸಿಂಡರಿಸುತ್ತಾರೆ, ಹುಳದ ಪಾಡೇನು ಎಂದು ನನ್ನ ಲೆಕ್ಕ. ಮಾಸ್ತರರ ಗದ್ದೆಗೆ ಹಾಕುವ ಮೊದಲು ಬೇರೆಲ್ಲಾದರೂ ನೋಡೋಣ ಎಂದು ಕಾರ್ಕಳದ ಹತ್ತಿರ ಒಬ್ಬ ಹೆಂಗಸಿಗೆ ಬೀಜ ಕೊಟ್ಟೆ. ಮೂರು ಮಕ್ಕಳ ತಾಯಿ, ಗಂಡ ಇಲ್ಲ. ಕಾಯಿ ಮಾರಿ ಬಂದದ್ದರಲ್ಲಿ ಮಳೆಗಾಲಕ್ಕೆ ಅಕ್ಕಿ ತೆಗೆದಿಡುವ ಅಂದಾಜಿನಲ್ಲಿದ್ದರು.

ಒಂದು ದಿನ ಅವರು ಬುಟ್ಟಿ ಹೊತ್ತುಕೊಂಡು ಆಫೀಸಿಗೇ ಬಂದರು. ಕಾಯಿ ಹೊರಗಿನಿಂದ ನೋಡಲು ಬಲು ಚಂದ. ನನ್ನ ಮೇಜಿನ ಮೇಲೆ ಒಂದನ್ನು ಮುರಿದು ಇಟ್ಟರು. ಒಳಗೆ ಬಿಳಿ ಹುಳ ಮಿಜಿಮಿಜಿ ಎನ್ನುತ್ತಿತ್ತು. ಇನ್ನೊಂದು ಮುರಿದರು, ಅದೂ ಹಾಗೆಯೇ. ಅಕ್ಕಪಕ್ಕದ ಗುಮಾಸ್ತರೆಲ್ಲ ಕುರ್ಚಿ ಹಿಂದಕ್ಕೆ ಎಳೆದುಕೊಂಡರು.

"ಕಹಿ ಅಂತ ಹೇಳಿದಿರಲ್ಲ ಸಾರ್?" ಎಂದರು ಅವರು. "ಈ ಹುಳಕ್ಕೂ ಸಕ್ಕರೆ ಕಾಯಿಲೆ ಉಂಟೋ ಎಂತದೋ. ಹಾಗಲಕಾಯಿ ತಿನ್ನಿ ಅಂತ ಡಾಕ್ಟರು ಹೇಳಿರಬೇಕು."

ಗುಮಾಸ್ತರು ನಕ್ಕರು. ಆ ಹೆಂಗಸು ನಗಲಿಲ್ಲ. ಬುಟ್ಟಿಯನ್ನು ಅಲ್ಲೇ ಬಿಟ್ಟು ಹೋದರು. ಪೆರ್ಡೂರಿಗೆ ಹೋಗಿ ಹೇಳಿದಾಗ ಮಾಸ್ತರರು ಕೆಂಪು ಶಾಯಿಯಲ್ಲಿ ಹಾಗಲವನ್ನು ಹೊಡೆದುಹಾಕಿ, ಪಕ್ಕದಲ್ಲಿ "ನಪಾಸು" ಎಂದು ಬರೆದರು. ಹಾಗಲ ನಪಾಸೋ ನಾನು ನಪಾಸೋ, ಕೇಳುವ ಧೈರ್ಯ ನನಗೆ ಬರಲಿಲ್ಲ.

೩. ತೆಂಗಿನ ಗರಿ

ಹೂಡೆಯ ಕಡೆ ಒಂದು ಮೀನುಗಾರರ ಮನೆ. ಮರಳು ಮಣ್ಣಿನಲ್ಲಿ ಕೆಂಪು ಹರಿವೆ ಸೊಪ್ಪು ಸೊಗಸಾಗಿ ಬಂದಿತ್ತು. ಹುಳಕ್ಕಿಂತ ಹೆಚ್ಚು ಕಾಟ ನೆರೆಹೊರೆಯವರದ್ದು. ಬೆಳಿಗ್ಗೆ ಎದ್ದರೆ ಒಂದು ಸಾಲು ಮಾಯ. ಮನೆಯ ಯಜಮಾನ ಸಿಟ್ಟಿನಲ್ಲಿ ದೈವದ ಹೆಸರು ಹೇಳಿ ಸುತ್ತ ತೆಂಗಿನ ಗರಿ ಕಟ್ಟಿಬಿಟ್ಟ. ಇನ್ನು ಯಾರಾದರೂ ಕಿತ್ತರೆ ದೈವವೇ ನೋಡಿಕೊಳ್ಳಲಿ ಎಂದ. ಎಂದವನು ಮರುದಿನ ಬೋಟು ಹತ್ತಿ ರತ್ನಾಗಿರಿಯ ಕಡೆಗೆ ಮೀನಿಗೆ ಹೋದ.

ನಾನು ಹೋದಾಗ ಅವನ ಹೆಂಡತಿ ಗಂಜಿಗೆ ಒಣಮೀನು ಸುಡುತ್ತಿದ್ದಳು. ಹರಿವೆ ಎದೆಯುದ್ದ ಬೆಳೆದು ಕದಿರು ಬಿಟ್ಟಿತ್ತು.

"ಕೊಯ್ಯಲಿಲ್ಲವಾ?"

"ಹೇಗೆ ಕೊಯ್ಯುವುದು ಸಾರ್? ಯಾರೂ ಮುಟ್ಟಬಾರದು ಅಂತ ಕಟ್ಟಿದ್ದು. ನಾನು 'ಯಾರೂ' ಅಲ್ಲ ಅಂತ ದೈವಕ್ಕೆ ಹೇಳಿದವರಿಲ್ಲ. ಬಿಚ್ಚಬೇಕಾದರೆ ಕಟ್ಟಿದವರೇ ಬರಬೇಕು."

ಕಟ್ಟಿದವನಿಗೆ ಅಲ್ಲಿ ಒಳ್ಳೆ ಮೀನು ಸಿಗುತ್ತಿತ್ತಂತೆ, ಸದ್ಯಕ್ಕೆ ಬರುವ ಸೂಚನೆ ಇರಲಿಲ್ಲ. ಮಕ್ಕಳು ಗರಿಯ ಹೊರಗೆ ನಿಂತು ಸೊಪ್ಪನ್ನು ನೋಡುತ್ತಿದ್ದರು. ಕಂಬಳಿಹುಳ ಮಾತ್ರ ಒಳಗೆ ಹೊಟ್ಟೆತುಂಬ ತಿನ್ನುತ್ತಿತ್ತು.

ಮಾಸ್ತರರು ಇದನ್ನು ಕೇಳಿ ಬಹಳ ಹೊತ್ತು ನಕ್ಕರು. ನಗುತ್ತ ನಗುತ್ತ ಹೊಟ್ಟೆ ಹಿಡಿದುಕೊಂಡರು. ಆ ಕೈ ಮತ್ತೆ ಅಲ್ಲಿಂದ ಏಳಲಿಲ್ಲ. ನಗುವಿನ ನೋವು ಎಂದು ನಾನು ತಿಳಿದುಕೊಂಡಿದ್ದೆ.

೪. ಭಿನ್ನಾಭಿಪ್ರಾಯ ಇಲ್ಲ

ಮಣಿಪಾಲದ ದೊಡ್ಡ ಆಸ್ಪತ್ರೆಗೆ ಹೋಗಿ ಬಂದ ಮೇಲೆ ಮಾಸ್ತರರೇ ಹೇಳಿದರು.

"ಹೊಟ್ಟೆಯೊಳಗೆ ಗಡ್ಡೆ ಕೂತಿದೆಯಂತೆ. ಮುಂದಿನ ಮಳೆಗಾಲ ಕಾಣುವುದು ಕಷ್ಟವಂತೆ. ಔಷಧಿ ಇಲ್ಲ ಅಂದರು ಡಾಕ್ಟರು. ನಾನೂ ಔಷಧಿ ಬೇಡ ಅನ್ನುವವ. ನಮ್ಮೊಳಗೆ ಭಿನ್ನಾಭಿಪ್ರಾಯವೇ ಇಲ್ಲ ಮಾರಾಯ್ರೆ."

ಅವರು ಕಾಪಿ ಪುಸ್ತಕ ತೆರೆದರು. ಬೆಂಡೆ, ಬದನೆ, ಹೀರೆ, ಎಲ್ಲದರ ಮೇಲೂ ಕೆಂಪು ಗೆರೆ. ಉಳಿದದ್ದು ಸೌತೆ ಒಂದೇ.

ಸೌತೆ ಹಾಕಿದೆವು. ಚಿಗುರಿಗೆ ಕೆಂಪು ದುಂಬಿ ಬಂದಾಗ ಅವರ ಹೆಂಡತಿ ಬೆಳಿಗ್ಗೆ ಇಬ್ಬನಿ ಆರುವ ಮೊದಲೇ ಒಲೆಯ ಬೂದಿ ಎರಚಿದರು. ದುಂಬಿ ಬಿಟ್ಟು ಹೋಯಿತು. ಎಳೆಕಾಯಿ ಕಚ್ಚಿದಾಗ ಕಾಗೆ ಬಂತು. ಒಂದನ್ನೂ ಬಿಡದೆ ಕುಕ್ಕಿತು. ನಾವು ಮೂವರೂ ಸರದಿಯಲ್ಲಿ ಕಲ್ಲು ಹೊಡೆದೆವು. ನಾನಂತೂ ಆಫೀಸಿನ ಕೆಲಸ ಬಿಟ್ಟು ಅಲ್ಲಿ ನಿಂತು ಕಲ್ಲು ಹೊಡೆದಿದ್ದೇನೆ.

ಕೊನೆಗೆ ಕಾಪುವಿನ ಕಡಲ ಬದಿಯಲ್ಲಿ ಮೀನು ಒಣಗಿಸುವ ಹೆಂಗಸರು ಒಂದು ಉಪಾಯ ತೋರಿಸಿದರು. ಹಳೆ ಕೊಡೆಯ ಕಪ್ಪು ಬಟ್ಟೆಯನ್ನು ಸತ್ತ ಕಾಗೆಯ ಹಾಗೆ ಸುತ್ತಿ, ನಾಲ್ಕು ನಿಜವಾದ ಗರಿ ಸಿಕ್ಕಿಸಿ, ತಲೆಕೆಳಗಾಗಿ ಕೋಲಿಗೆ ಕಟ್ಟುವುದು. ಮಾಸ್ತರರ ಕೊಡೆಯನ್ನೇ ಹರಿದು ಮಾಡಿದೆ. "ಮಳೆಗಾಲಕ್ಕೆ ನನಗೆ ಕೊಡೆ ಎಂತಕ್ಕೆ" ಎಂದು ಅವರೇ ಕೊಟ್ಟಿದ್ದರು.

ಅಂದಿನಿಂದ ಒಂದೇ ಒಂದು ಕಾಗೆ ಆ ಮನೆಯ ಸರಹದ್ದಿಗೆ ಬರಲಿಲ್ಲ. ಕಾಯಿ ತೂತಿಲ್ಲದೆ ದುಂಡಗೆ ಬೆಳೆದವು. ಕೊಯ್ಯಲೇ ಎಂದು ಹೆಂಡತಿ ಕೇಳಿದರೆ, "ಅರಶಿನ ಬಣ್ಣಕ್ಕೆ ತಿರುಗಲಿ" ಎನ್ನುತ್ತಿದ್ದರು ಮಾಸ್ತರರು. ಕಾಯಿ ಬಣ್ಣಕ್ಕೆ ತಿರುಗುವ ವಾರವೇ ಅವರು ಹೋದರು. ಇಷ್ಟು ವರ್ಷದ ಸರಕಾರಿ ಸೇವೆಯಲ್ಲಿ ಪೂರ್ತಿ ಫಲ ಕೊಟ್ಟ ನನ್ನ ಸಲಹೆ ಎಂದರೆ ಆ ಕೊಡೆಬಟ್ಟೆಯ ಕಾಗೆ ಒಂದೇ.

೫. ಬೊಜ್ಜದ ದಿನ

ಬೊಜ್ಜಕ್ಕೆ, ಅಂದರೆ ಮಾಸ್ತರರ ಉತ್ತರಕ್ರಿಯೆಗೆ, ಅದೇ ಸೌತೆಯನ್ನು ಕೊಯ್ದು ಹುಳಿ ಮಾಡಿದ್ದರು. ಬೀಜಕ್ಕೆಂದು ಬಳ್ಳಿಯಲ್ಲಿ ಒಂದೇ ಕಾಯಿ ಬಿಟ್ಟಿದ್ದರು. ಮಾಸ್ತರರ ಹೆಸರಿನಲ್ಲಿ ಎಲೆ ಹಾಕಿ, ಎಲ್ಲ ಬಡಿಸಿ, ಅಂಗಳದ ಆಚೆ ಇಟ್ಟು ಕಾಗೆಯನ್ನು ಕರೆದರು. ಕಾಗೆ ಮುಟ್ಟಿದ ಮೇಲೆಯೇ ನೆಂಟರಿಗೆ ಊಟ.

ಕಾಗೆ ಬರಲಿಲ್ಲ. ಹನ್ನೆರಡಾಯಿತು, ಒಂದಾಯಿತು. ಚಪ್ಪರದಡಿ ಹಸಿದ ನೆಂಟರು ಬೆವರು ಒರೆಸಿಕೊಳ್ಳುತ್ತಿದ್ದರು. "ಏನೋ ಆಸೆ ಉಳಿದುಕೊಂಡಿದೆ" ಎಂದರು ಹಿರಿಯರೊಬ್ಬರು. ಮಾಸ್ತರರ ಮಗ ಮುಂದೆ ಬಂದು ಕೈಮುಗಿದು, "ಅಪ್ಪಾ, ಮನೆಗೆ ಕರೆಂಟು ಹಾಕಿಸುತ್ತೇನೆ" ಎಂದ. ಕಾಗೆ ಇಲ್ಲ. "ಅಮ್ಮನನ್ನು ಚೆನ್ನಾಗಿ ನೋಡಿಕೊಳ್ಳುತ್ತೇನೆ" ಎಂದ. ಆಗಲೂ ಇಲ್ಲ.

ಆಗ ಎಲ್ಲರೂ ಮಾಸ್ತರರ ತಮ್ಮನನ್ನು ನೋಡತೊಡಗಿದರು. ತಮ್ಮ ಎಲೆಯ ಮುಂದೆ ಕೂತು, ಗಳಗಳ ಅತ್ತು, "ಅಣ್ಣಾ, ಗದ್ದೆಯ ಗಡಿ ಹುಣಿಯನ್ನು ಒಂದು ಮೊಳ ನಿನ್ನ ಬದಿಗೆ ಸರಿಸಿದ್ದು ನಾನೇ. ನಾಳೆಯೇ ಹಿಂದೆ ಹಾಕುತ್ತೇನೆ, ಬಾ" ಎಂದರು.

ಆಕಾಶದಲ್ಲಿ ಒಂದು ಕಪ್ಪು ಚುಕ್ಕೆಯೂ ಕಾಣಲಿಲ್ಲ.

ನನಗೆ ಇನ್ನು ತಡೆಯಲಾಗಲಿಲ್ಲ. ಮಾಸ್ತರರ ಹೆಂಡತಿಯ ಹತ್ತಿರ ಹೋಗಿ ಮೆಲ್ಲಗೆ, "ಅಮ್ಮಾ, ಆ ಕೊಡೆಬಟ್ಟೆಯ ಕಾಗೆ ಇನ್ನೂ ಗದ್ದೆಯಲ್ಲೇ ಉಂಟಲ್ಲ" ಎಂದೆ. ಮೆಲ್ಲಗೆ ಹೇಳಿದ್ದು ತಮ್ಮನಿಗೂ ಕೇಳಿಸಿತು. ಅವರು ಕಣ್ಣು ಒರೆಸಿಕೊಳ್ಳುವುದನ್ನು ನಿಲ್ಲಿಸಿ, "ಇದನ್ನು ಹತ್ತು ನಿಮಿಷ ಮೊದಲು ಹೇಳಲಿಕ್ಕೆ ಎಂತ ಆಗಿತ್ತು ಮಾರಾಯ್ರೆ ನಿಮಗೆ?" ಎಂದು ಹಲ್ಲು ಕಡಿದರು.

ಅಮ್ಮ ಯಾರನ್ನೂ ಕಾಯಲಿಲ್ಲ. ತಾವೇ ಗದ್ದೆಗೆ ಇಳಿದು ಕೋಲು ಕಿತ್ತರು. ಕೊಡೆಬಟ್ಟೆಯನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಬಂದು ನನ್ನ ಪಕ್ಕದಲ್ಲಿ ನಿಂತರು.

ಸ್ವಲ್ಪ ಹೊತ್ತಿಗೆ ತೆಂಗಿನ ಮರದ ಮೇಲೆ ಒಂದು ಕಾಗೆ ಕೂಗಿತು. ಕಾಗೆ ಕೆಳಗೆ ಇಳಿಯಿತು. ಎಲೆಯ ಕಡೆ ತಿರುಗಿಯೂ ನೋಡದೆ ನೇರ ಗದ್ದೆಗೆ ಹೋಗಿ, ಬೀಜಕ್ಕೆ ಬಿಟ್ಟ ಆ ಒಂದು ಸೌತೆಯನ್ನು ಕುಕ್ಕತೊಡಗಿತು. ನನಗೆ ಅರಿವಿಲ್ಲದೆಯೇ ನನ್ನ ಕೈ ಕಲ್ಲು ಎತ್ತಿತ್ತು.

ಅಮ್ಮ ನನ್ನ ಕೈ ಹಿಡಿದುಕೊಂಡರು. ಅಷ್ಟು ದಿನ ಅಳದ ಆ ಹೆಂಗಸಿನ ಕಣ್ಣಲ್ಲಿ ನೀರಿತ್ತು, ಬಾಯಲ್ಲಿ ನಗು.

"ಕಲ್ಲು ಕೆಳಗೆ ಹಾಕಿ ಮಾರಾಯ್ರೆ, ಅದು ಅವರೇ. ಜೀವ ಇದ್ದಾಗಲೂ ಊಟಕ್ಕೆ ಕರೆದರೆ, ಮೊದಲು ಗದ್ದೆಗೆ ಹೋಗಿ ಸೌತೆ ಮುಟ್ಟಿ ನೋಡದೆ ಎಲೆಗೆ ಬಂದವರುಂಟಾ? ಈಗ ಬರುತ್ತಾರೆ. ನೀವು ಹೋಗಿ ಒಳಗೆ ಎಲೆ ಹಾಕಿಸಿ."