ಟವಲ್ಲಿನ ಹಿಂದಿನ ಸಿನಿಮಾ

ಆಗದವರ ಮೇಲೆ ಬರುವ ಕೋಪ ದೊಡ್ಡ ವಿಷಯವಲ್ಲ. ಅದು ಬರುತ್ತದೆ, ಬಿ.ಪಿ. ಮಾತ್ರೆ ನುಂಗಿ ಒಂದು ಸುತ್ತು ವಾಕಿಂಗ್ ಹೋಗಿ ಬಂದರೆ ಇಳಿಯುತ್ತದೆ. ಬಹಳ ಕಾಲ ಪ್ರೀತಿಸಿಕೊಂಡು ಬಂದದ್ದರ ಮೇಲೆ ಕೋಪ ಬಂದರೆ ಮಾತ್ರ ಅದಕ್ಕೆ ಔಷಧ ಅಂಗಡಿಯಲ್ಲಿ ಏನೂ ಸಿಗುವುದಿಲ್ಲ. ನನಗೀಗ ಅಂಥದ್ದೊಂದು ಕೋಪ ಬಂದಿದೆ. ಹೆಂಡತಿಯ ಮೇಲಲ್ಲ, ಸರ್ಕಾರದ ಮೇಲಲ್ಲ, ಎಂಬತ್ತರ ದಶಕದ ಒಂದು ಇಂಗ್ಲಿಷ್ ಸಿನಿಮಾದ ಮೇಲೆ. ಗೌರಿಬಿದನೂರಿನ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡಿಕೊಂಡು, ನಿವೃತ್ತಿಯ ಹೊಸ್ತಿಲಲ್ಲಿ ನಿಂತಿರುವ ಮನುಷ್ಯನಿಗೆ ಇಂಥ ಕೋಪ ಶೋಭೆಯಲ್ಲ ಎಂದು ಗೊತ್ತು. ಆದರೂ ಬಂದಿದೆ.

ಪಿಯುಸಿ ಓದುವಾಗ ನಾನು ಚಿಂತಾಮಣಿಯಲ್ಲಿ ಸೋದರಮಾವನ ಮನೆಯಲ್ಲಿದ್ದೆ. ಆಗ ನನ್ನ ದೇಹದಲ್ಲಿ ಎದ್ದು ಕಾಣುತ್ತಿದ್ದದ್ದು ಕನ್ನಡಕ ಮತ್ತು ಗಂಟಲಮಣಿ ಮಾತ್ರ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಕ್ಲಾಸಿನಲ್ಲಿ ಇಂಗ್ಲಿಷ್. ಮೂರರಲ್ಲೂ ನಿಷ್ಪಕ್ಷಪಾತವಾಗಿ ತೊದಲುತ್ತಿದ್ದೆ. ಕಾಲೇಜಿನಲ್ಲಿ ಕಬಡ್ಡಿ ತಂಡದ ಸೀನಿಯರ್‌ಗಳು ನನ್ನನ್ನು ಹಿಡಿದು ಗೇಟಿನ ಪಕ್ಕದ ಬೇವಿನಮರಕ್ಕೆ ದಿನಾ "ಗುಡ್ ಮಾರ್ನಿಂಗ್ ಸಾರ್" ಹೇಳಿಸುತ್ತಿದ್ದರು. ಮರ ಉತ್ತರ ಕೊಡಲಿಲ್ಲ ಎಂದು ನನಗೆ ಹೊಡೆಯುತ್ತಿದ್ದರು. ಆ ದಿನಗಳಲ್ಲಿ ಬಸ್‌ಸ್ಟ್ಯಾಂಡಿನ ಹಿಂದೆ ತಗಡಿನ ಶೆಡ್ಡಿನಲ್ಲಿ ಒಂದು ವಿಡಿಯೋ ಸೆಂಟರ್ ಇತ್ತು. ಅದನ್ನು ನಡೆಸುತ್ತಿದ್ದವನು ಚಲಪತಿ, ನಮಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವನು. ಇಂಗ್ಲಿಷ್ ಸಿನಿಮಾ ಹಾಕಿದ ದಿನ ಟಿ.ವಿ. ಪಕ್ಕದಲ್ಲಿ ಬಿದಿರು ಕೋಲು ಹಿಡಿದು ನಿಂತು, ಪರದೆಯ ಮೇಲೆ ಯಾರು ಏನು ಹೇಳಿದರೂ ತಕ್ಷಣ ಅದನ್ನು ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಬಿಡಿಸಿ ಹೇಳುತ್ತಿದ್ದ.

ಹಾಗೆ ನೋಡಿದ ಸಿನಿಮಾ ಅದು. ನಾಲ್ವರು ಪೀಚು ಹುಡುಗರು ಒಂದು ದೊಡ್ಡ ಕಾಲೇಜಿಗೆ ಸೇರುತ್ತಾರೆ. ಈಜು ತಂಡದ ದಾಂಡಿಗರು ಅವರನ್ನು ಹಾಸ್ಟೆಲಿನಿಂದ ಎತ್ತಿ ಹೊರಗೆಸೆಯುತ್ತಾರೆ. ಅವರು ಹಳೆಯ ಕುದುರೆ ಲಾಯದಲ್ಲಿ ಮಲಗಿ, ಓದಿ, ಕೊನೆಗೆ ತೆಪ್ಪದ ಪಂದ್ಯದಲ್ಲಿ ದಾಂಡಿಗರನ್ನು ಸೋಲಿಸುತ್ತಾರೆ. ಮಧ್ಯೆ ಎರಡು ಮೂರು ಸಲ ಚಲಪತಿ ಹೆಗಲ ಟವಲ್ಲನ್ನು ಟಿ.ವಿ. ಮೇಲೆ ಇಳಿಬಿಟ್ಟು, "ಇಲ್ಲಿ ಹುಡುಗ್ರು ಓದ್ತಾ ಅವ್ರೆ, ಡಿಸ್ಟರ್ಬ್ ಮಾಡ್ಬೇಡಿ," ಎನ್ನುತ್ತಿದ್ದ. ಟವಲ್ ಎತ್ತಿದಾಗ ಕನ್ನಡಕದ ಹುಡುಗ ಬಿಳಿ ಕೋಟು ಹಾಕಿಕೊಂಡು ನಿಂತಿದ್ದ. "ನೋಡ್ರಪ್ಪಾ, ಡಾಕ್ಟರ್ ಸೀಟು ಸಿಕ್ಬಿಡ್ತು!" ಎಂದು ಚಲಪತಿ ಕೂಗಿದ. ನಾವು ಶಿಳ್ಳೆ ಹೊಡೆದೆವು. ಕೊನೆಯಲ್ಲಿ ಆ ಹುಡುಗ ಮೈಕ್ ಹಿಡಿದು ಹೇಳುತ್ತಾನೆ: "ನಮ್ಮನ್ನ ತುಳಿದವರನ್ನ ನಾವು ತುಳಿಯಲ್ಲ. ಅವರ ಪಕ್ಕದಲ್ಲೇ ಎಲೆ ಹಾಕ್ಕೊಂಡು ಊಟಕ್ಕೆ ಕೂರ್ತೀವಿ." ನಾನು ಕತ್ತಲಲ್ಲಿ ಅತ್ತುಬಿಟ್ಟೆ. ಮರುದಿನ ಬೇವಿನಮರಕ್ಕೆ ಗುಡ್ ಮಾರ್ನಿಂಗ್ ಹೇಳುವುದಿಲ್ಲ ಎಂದು ಸೀನಿಯರ್‌ಗಳಿಗೆ ಹೇಳಿದೆ. ಹೊಡೆತ ಬಿತ್ತು. ಅದರ ಮರುದಿನವೂ ಹೇಳಲಿಲ್ಲ. ಅವರಿಗೇ ಬೇಜಾರಾಗಿ ಬಿಟ್ಟರು. ಮೇಷ್ಟ್ರಾದ ಮೇಲೆ ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳನ್ನು ಸ್ವಾಗತಿಸುವಾಗ ಆ ಎಲೆ ಊಟದ ಮಾತನ್ನು ಹೇಳಿ ಚಪ್ಪಾಳೆ ಗಿಟ್ಟಿಸಿದ್ದೇನೆ.

ಈ ವರ್ಷ ನಮ್ಮ ಕಾಲೇಜಿನಲ್ಲಿ ಒಂದು ಪ್ರಕರಣ ನಡೆಯಿತು. ರ್‍ಯಾಗಿಂಗ್ ತಡೆ ಸಮಿತಿಗೆ ನಾನೇ ಸಂಚಾಲಕ. ಮೊದಲ ವರ್ಷದ ಇಬ್ಬರು ಮೆತ್ತನೆಯ ಹುಡುಗರನ್ನು ಸೀನಿಯರ್‌ಗಳು ವಾರಗಟ್ಟಲೆ ಕಾಡಿಸಿದ್ದರು. ಆ ಹುಡುಗರು ಸೀನಿಯರ್‌ಗಳ ಮುಂದೆ ತಾವೂ ಗಂಡಸರೆಂದು ತೋರಿಸಿಕೊಳ್ಳಲು, ಹುಡುಗಿಯರ ಹಾಸ್ಟೆಲಿನ ಹಿಂದಿನ ನಲ್ಲಿಯ ಹತ್ತಿರ ಕದ್ದು ವಿಡಿಯೋ ತೆಗೆದು ಎಲ್ಲರ ಫೋನಿಗೂ ಹಂಚಿದ್ದರು. ದೂರು ಕೊಟ್ಟವಳು ಭವ್ಯ. ದಿಬ್ಬೂರಹಳ್ಳಿಯಿಂದ ಬಂದು ಹಾಸ್ಟೆಲಿನಲ್ಲಿದ್ದು ಬಿ.ಎಸ್ಸಿ. ಓದುವ ಹುಡುಗಿ. ವಿಡಿಯೋದಲ್ಲಿ ಮುಖ ಸ್ಪಷ್ಟವಾಗಿ ಕಂಡದ್ದು ಅವಳದೇ. ಹುಡುಗರನ್ನು ಕರೆಸಿದೆ. ಇಬ್ಬರೂ ಗಡಗಡ ನಡುಗುತ್ತಿದ್ದರು. ಒಬ್ಬನಿಗೆ ದಪ್ಪ ಕನ್ನಡಕ. ನನ್ನ ಕರುಳು ಚುರ್ ಎಂದಿತು. ಭವ್ಯಳಿಗೆ, "ಪಾಪದ ಹುಡುಗ್ರಮ್ಮ, ಅವರೂ ನೊಂದಿದ್ದಾರೆ. ತಮಾಷೆ ಅಂದ್ಕೊಂಡು ಮಾಡಿದ್ದಾರೆ. ಕ್ಷಮಾಪಣೆ ಕೇಳಿಸ್ತೀನಿ," ಎಂದೆ. ಅವಳು ಏನೂ ಹೇಳದೆ ಎದ್ದು ಹೋದಳು. ಮೌನವನ್ನು ಒಪ್ಪಿಗೆ ಎಂದು ಬರೆದುಕೊಳ್ಳುವುದು ಸಮಿತಿಗಳ ಹಳೆಯ ಅಭ್ಯಾಸ. ನಾನೂ ಹಾಗೆಯೇ ತಿಳಿದುಕೊಂಡೆ. ಅಷ್ಟರಲ್ಲಿ ನನ್ನ ತಲೆಗೆ ಅಮೋಘವಾದ ಯೋಚನೆ ಬಂತು. ರ್‍ಯಾಗಿಂಗ್ ವಿರೋಧಿ ದಿನಾಚರಣೆಗೆ ಆ ಸಿನಿಮಾ ತೋರಿಸಿದರೆ ತುಳಿದವರು, ತುಳಿಸಿಕೊಂಡವರು, ಎಲ್ಲರ ಕಣ್ಣೂ ತೆರೆಯುತ್ತದೆ!

ಕಂಪ್ಯೂಟರ್ ವಿಭಾಗದ ಮೇಷ್ಟ್ರು ಎಲ್ಲಿಂದಲೋ ಹುಡುಕಿ ಪೆನ್‌ಡ್ರೈವಿನಲ್ಲಿ ತಂದುಕೊಟ್ಟರು. "ಒಂದ್ಸಲ ನೋಡ್ಬಿಡಿ ಸಾರ್," ಎಂದರು. "ನೋಡೋದೇನ್ರೀ, ಸೀನ್ ಸೀನೂ ಬಾಯಿಗೆ ಬರುತ್ತೆ," ಎಂದೆ. ಸಭಾಂಗಣ ತುಂಬಿತ್ತು. ಮುಖ್ಯ ಅತಿಥಿಯಾಗಿ ಠಾಣೆಯ ಮಹಿಳಾ ಎಸ್.ಐ. ಬಂದು ಮುಂದಿನ ಸಾಲಿನಲ್ಲಿ ಕುಳಿತಿದ್ದರು. ನಾನು ಮೈಕಿನಲ್ಲಿ, "ನನ್ನ ಬದುಕನ್ನೇ ಬದಲಿಸಿದ ಸಿನಿಮಾ ಇದು," ಎಂದು ಘೋಷಿಸಿ ಅವರ ಪಕ್ಕದಲ್ಲಿ ಕುಳಿತೆ.

ಟವಲ್ ಇಲ್ಲದೆ ಸಿನಿಮಾ ಶುರುವಾಯಿತು.

ಲಾಯದ ಹುಡುಗರು ಓದುತ್ತಾರೆ ಎಂದು ನಾನು ಕಾಯುತ್ತಿದ್ದ ಜಾಗದಲ್ಲಿ, ಅವರು ಹುಡುಗಿಯರ ಹಾಸ್ಟೆಲಿನೊಳಗೆ ತುರಿಕೆ ಪುಡಿ ಎರಚಿ, ಎದುರಿನ ಮರ ಹತ್ತಿ ದುರ್ಬೀನು ಹಿಡಿದು ಕುಳಿತರು. ಹುಡುಗಿಯರು ಕಿರುಚಿಕೊಂಡು ಅರೆಬಟ್ಟೆಯಲ್ಲಿ ಓಡಿದರು. ಹಿನ್ನೆಲೆಯಲ್ಲಿ ಮದುವೆ ಮನೆಯ ಬ್ಯಾಂಡಿನಂಥ ಸಂಗೀತ. ಹಿಂದಿನ ಸಾಲುಗಳಿಂದ ಹುಡುಗರ ಶಿಳ್ಳೆ ಬಂತು. ನಾನು ಎದ್ದು ನಿಲ್ಲಿಸಬೇಕಾಗಿತ್ತು. ಆದರೆ ನನಗಿನ್ನೂ ಡಾಕ್ಟರ್ ಸೀಟಿನ ಆಸೆ. ಬಿಳಿ ಕೋಟಿನ ದೃಶ್ಯವೂ ಬಂತು. ಕನ್ನಡಕದ ಹುಡುಗ ಡಾಕ್ಟರ್ ವೇಷ ಹಾಕಿ ಬಂದಿದ್ದ, ಅಷ್ಟೆ. ತುರಿಕೆಗೆ ಚಿಕಿತ್ಸೆ ಎಂದು ಹೇಳಿ ದಾಂಡಿಗರ ನಾಯಕನ ಗೆಳತಿಯನ್ನು ಕೋಣೆಯೊಳಗೆ ಕರೆದು ಬಾಗಿಲು ಹಾಕಿಕೊಂಡ. ಮುಂದಿನದನ್ನು ಬರೆಯುವುದಿಲ್ಲ. ಅವಳು ಸತ್ಯ ತಿಳಿದ ಮೇಲೆ ಪೊಲೀಸರನ್ನು ಕರೆಯಲಿಲ್ಲ, ನಕ್ಕು ಅವನನ್ನೇ ಪ್ರೀತಿಸಿಬಿಟ್ಟಳು ಎಂಬುದನ್ನಷ್ಟೇ ಬರೆಯುತ್ತೇನೆ. ಪಕ್ಕದಲ್ಲಿದ್ದ ಎಸ್.ಐ. ಮೇಡಂ ಮೆಲ್ಲಗೆ ಬಾಗಿ, "ಸಾರ್, ಈ ಹುಡುಗರು ನಮ್ಮ ಠಾಣೆ ಲಿಮಿಟ್ಸಲ್ಲಿ ಸಿಕ್ಕಿದ್ರೆ ಯಾವ್ಯಾವ ಸೆಕ್ಷನ್ ಹಾಕ್ಬೌದು ಅಂತ ಲೆಕ್ಕ ಹಾಕ್ತಿದ್ದೆ. ನಿಮ್ಮ ಬದುಕು ಯಾವ ಸೀನಲ್ಲಿ ಬದಲಾಯ್ತು?" ಎಂದರು.

ನಾನು ಎದ್ದು ನಿಲ್ಲಿಸುವ ಮೊದಲೇ ಭವ್ಯ ಎದ್ದು ನಿಂತಿದ್ದಳು. ಯಾರೋ ಲೈಟು ಹಾಕಿದರು. "ಸಾರ್, ಒಂದು ಡೌಟು," ಎಂದಳು, ಕ್ಲಾಸಿನಲ್ಲಿ ಕೇಳುವಷ್ಟೇ ವಿನಯವಾಗಿ. "ದಾಂಡಿಗರು ಇವರನ್ನ ಹೊಡೆದ್ರು. ಇವರು ಬಂದು ನಮ್ಮನ್ನ ಹೊಡೆದ್ರು. ಈಗ ನಾವು ಯಾರನ್ನ ಹುಡುಕ್ಕೊಂಡು ಹೋಗಣ ಸಾರ್?" ಅವಳು ಹೊರಟಳು, ಹಿಂದೆಯೇ ಹುಡುಗಿಯರೆಲ್ಲ ಹೊರಟರು. ಪ್ರಿನ್ಸಿಪಾಲರು ನನ್ನ ಬೆನ್ನು ತಟ್ಟಿ, "ಬಿಡ್ರಿ, ಆ ಕಾಲ ಹಾಗಿತ್ತು," ಎಂದರು. ಆ ಮಾತಿಗೆ ನನಗೆ ಸಿನಿಮಾಕ್ಕಿಂತ ಹೆಚ್ಚು ಕೋಪ ಬಂತು. ಆ ಕಾಲದಲ್ಲಿ ನಾನಿದ್ದೆನಲ್ಲ! ಆ ಕಾಲದಲ್ಲೂ ತುರಿಕೆ ಪುಡಿ ಬಿದ್ದರೆ ತುರಿಸುತ್ತಿತ್ತು. ಆ ಕಾಲದಲ್ಲೂ ಬಾಗಿಲು ಹಾಕಿಕೊಂಡರೆ ಹೆದರಿಕೆಯಾಗುತ್ತಿತ್ತು. ಕಾಲದ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳುವವರನ್ನು ಸಾಲಾಗಿ ನಿಲ್ಲಿಸಿ ಮರಕ್ಕೆ ಗುಡ್ ಮಾರ್ನಿಂಗ್ ಹೇಳಿಸಬೇಕು.

ಕಂಪ್ಯೂಟರ್ ಮೇಷ್ಟ್ರು ಸಮಾಧಾನ ಮಾಡಲು, "ಇದರದ್ದೇ ಪಾರ್ಟ್ ಟೂ ಇದೆ ಸಾರ್. ಅದರಲ್ಲಿ ತಿದ್ದಿಕೊಂಡಿರ್ತಾರೆ," ಎಂದರು. ನಾನು ನಂಬಿದೆ. ಒಂದು ಕ್ಷಮಾಪಣೆ, ಅರ್ಧ ಕ್ಷಮಾಪಣೆಯಾದರೂ ಇದ್ದರೆ ಭವ್ಯಳ ಮುಂದೆ ತಲೆ ಎತ್ತಬಹುದಿತ್ತು. ಭಾನುವಾರ ಮಧ್ಯಾಹ್ನ ಮನೆಯ ಟಿ.ವಿ.ಯಲ್ಲಿ ಹಾಕಿದೆ. ಪಕ್ಕದಲ್ಲಿ ಹೆಂಡತಿ ಶಾರದಾ ಅವರೇಕಾಯಿ ಸುಲಿಯುತ್ತ ಕುಳಿತಿದ್ದಳು. ಎರಡನೇ ಭಾಗದಲ್ಲಿ ಅದೇ ನಾಲ್ವರು ಸಮುದ್ರದ ದಂಡೆಯ ಹೋಟೆಲಿಗೆ ಹೋಗುತ್ತಾರೆ. ಬೇರೆ ದಾಂಡಿಗರು, ಬೇರೆ ಮರ, ಅದೇ ದುರ್ಬೀನು. ಡಾಕ್ಟರ್ ವೇಷದವನು ಆ ಹುಡುಗಿಯನ್ನೇ ಮದುವೆಯಾಗಿದ್ದಾನೆ. ಅವಳಿಗೆ ಇಡೀ ಸಿನಿಮಾದಲ್ಲಿ ಮಾತೇ ಇಲ್ಲ ಎನ್ನಬಹುದು, ಬಟ್ಟೆಯೂ ಅಷ್ಟರಲ್ಲೇ ಇದೆ. ಶಾರದಾ, "ಮೊದಲನೇದರಲ್ಲಿ ಕೆಟ್ಟೋರಾಗಿದ್ರು ಅಂದ್ರಿ. ಇದರಲ್ಲಿ ಕೆಟ್ಟೋರೂ ಆಗಿದ್ದಾರೆ, ಬೋರೂ ಆಗಿದ್ದಾರೆ," ಎಂದಳು. ನಾನು ಹಲ್ಲು ಕಡಿಯುತ್ತ, "ಆ ಹುಡುಗಿ ಅವತ್ತೇ ಯಾಕೆ ಕಂಪ್ಲೇಂಟ್ ಕೊಡ್ಲಿಲ್ಲ ಅಂತೀನಿ!" ಎಂದೆ.

"ಯಾರ ಹತ್ರ ಕೊಡ್ಬೇಕಿತ್ತು?" ಎಂದಳು ಶಾರದಾ, ತಲೆ ಎತ್ತದೆ. "ಸಮಿತೀಲಿ ನಿಮ್ಮಂಥೋರೇ ಕೂತಿರ್ತೀರಿ. 'ಪಾಪದ ಹುಡುಗ್ರಮ್ಮ' ಅಂತೀರಿ."

ಭವ್ಯಳಿಗೆ ನಾನು ಹೇಳಿದ ಮಾತನ್ನು ಊಟದ ಹೊತ್ತಿನಲ್ಲಿ ಇವಳಿಗೆ ವರದಿ ಮಾಡಿದ್ದೆ. ಶಹಬ್ಬಾಸ್ ಎನ್ನಲಿ ಎಂದು. ಆಗ ಇವಳು ಅನ್ನ ಬಡಿಸಿ ಒಳಗೆ ಹೋಗಿದ್ದಳು. ನನಗೆ ತಡೆಯಲಾರದಷ್ಟು ಸಿಟ್ಟು ಬಂತು. ಅವಳ ಮೇಲೆ ತೋರಿಸುವ ಧೈರ್ಯವಿಲ್ಲದೆ ಚಲಪತಿಯ ಮೇಲೆ ತೋರಿಸಲು ನಿರ್ಧರಿಸಿದೆ. ಇಷ್ಟು ವರ್ಷ ನನಗೆ ಸುಳ್ಳು ಹೇಳಿ ಬದುಕಿಸಿದ ಮನುಷ್ಯನನ್ನು ಸುಮ್ಮನೆ ಬಿಡುವುದೇ? ಮರುದಿನವೇ ರಜೆ ಹಾಕಿ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ ಎಂದು ಬಸ್ಸು ಬದಲಿಸುತ್ತ, ಪ್ರತಿ ಬಸ್ಸಿನಲ್ಲೂ ಬೈಗುಳಗಳನ್ನು ಹೊಸದಾಗಿ ಜೋಡಿಸಿಕೊಳ್ಳುತ್ತ ಚಿಂತಾಮಣಿ ತಲುಪಿದೆ. ವಿಡಿಯೋ ಸೆಂಟರಿನ ಜಾಗದಲ್ಲಿ ಮೊಬೈಲ್ ಅಂಗಡಿ ಇತ್ತು. ಚಲಪತಿ ಈಗ ಕೈವಾರದಲ್ಲಿ ಯಾತ್ರಿಕರಿಗೆ ತೆಂಗಿನಕಾಯಿ, ಹೂವು ಮಾರುತ್ತಾನೆ ಎಂದರು. ಅಲ್ಲಿಗೂ ಹೋದೆ. ಮುದುಕನಾಗಿದ್ದ, ಹೆಗಲ ಮೇಲೆ ಟವಲ್ ಇತ್ತು. ನಾನು ಪೀಠಿಕೆಯಿಲ್ಲದೆ ಸಿನಿಮಾದ ಹೆಸರು ಹೇಳಿ, ಅದರ ಎರಡು ಭಾಗವನ್ನೂ ನೋಡಿದೆ ಎಂದು ಕೂಗಾಡಿದೆ. ಕಾಯಿ ಕೊಳ್ಳಲು ಬಂದವರು ಹೆದರಿ ಪಕ್ಕದ ಅಂಗಡಿಗೆ ಹೋದರು.

"ಎಂದುಕಪ್ಪಾ ಅಂತ ಕೋಪಂ, ಯಾಕಿಷ್ಟು ಸಿಟ್ಟು? ಕೂತ್ಕೊ," ಎಂದು ಸ್ಟೂಲು ತೋರಿಸಿದ. "ನಂಗೆಲ್ಲಿ ಇಂಗ್ಲಿಷ್ ಬರ್ಬೇಕು? ಬೊಂಬೆ ನೋಡ್ಕೊಂಡು ಬಾಯಿಗೆ ಬಂದಿದ್ದು ಹೇಳ್ತಿದ್ದೆ."

"ಮತ್ತೆ ಟವಲ್ ಯಾಕೆ ಹಾಕ್ತಿದ್ದೆ? ನಮ್ಮನ್ನ ಒಳ್ಳೇ ಮಕ್ಕಳು ಮಾಡೋಕಾ?"

"ನಿಮ್ಮನ್ನ ಯಾಕೆ ಮಾಡ್ಲಿ? ಬಾಗಿಲಲ್ಲಿ ನಮ್ಮಮ್ಮ ಕಡ್ಲೇಕಾಯಿ ಮಾರ್ತಿದ್ಲು. ಅಂಥ ಸೀನು ಕಂಡಿದ್ರೆ ನನ್ ಕಾಲು ಮುರೀತಿದ್ಲು."

"ಆ ಕೊನೇ ಮಾತು? ಪಕ್ಕದಲ್ಲಿ ಎಲೆ ಹಾಕ್ಕೊಂಡು ಊಟಕ್ಕೆ ಕೂರೋದು?" ನನ್ನ ಧ್ವನಿ ಆಗ ಸ್ವಲ್ಪ ಇಳಿದಿತ್ತು ಎಂದು ಕಾಣುತ್ತದೆ.

ಅವನು ಒಂದು ತೆಂಗಿನಕಾಯಿಯ ಜುಟ್ಟು ಸರಿಮಾಡಿ ಇಟ್ಟ. "ಗೊತ್ತಿಲ್ಲಪ್ಪ. ಹಸಿವಾಗಿತ್ತೇನೋ." ಆಮೇಲೆ ಮುಖ ಅರಳಿಸಿ, "ಪಾರ್ಟ್ ಟೂನೂ ನೋಡ್ದೆ ಅಂದ್ಯಲ್ಲ, ಆ ಕನ್ನಡಕದ ಹುಡುಗ ಡಾಕ್ಟರ್ ಪಾಸ್ ಮಾಡಿದ್ನಾ?" ಎಂದು ಕೇಳಿದ. ತಾನೇ ಕಟ್ಟಿದ ಕಥೆಯನ್ನು ಅವನು ಇಷ್ಟು ವರ್ಷ ನಂಬಿಕೊಂಡು ಬಂದಿದ್ದ! ಜೋಡಿಸಿಟ್ಟುಕೊಂಡಿದ್ದ ಬೈಗುಳಗಳು ಬಾಯಲ್ಲೇ ಉಳಿದವು. "ಇಲ್ಲ, ಫೇಲಾದ," ಎಂದೆ. ಮುದುಕ ನಿಜವಾಗಿಯೂ ನೊಂದುಕೊಂಡ.

ಆ ವಾರವೇ ಸಮಿತಿ ಮತ್ತೆ ಸೇರಿತು. ವಿಡಿಯೋ ತೆಗೆದ ಆ ದಪ್ಪ ಕನ್ನಡಕದ ಹುಡುಗನ ಅಪ್ಪ ನಗರಗೆರೆ ಕಡೆಯಿಂದ ಬಂದು, "ಮೇಷ್ಟ್ರೇ, ಹುಡುಗ್ರಲ್ವಾ, ತಮಾಷೆಗೆ ಮಾಡ್ಬಿಟ್ಟವ್ರೆ," ಎಂದರು. ನನ್ನದೇ ಮಾತು ನನ್ನ ಎದುರಿಗೆ ಬಂದು ಕುಳಿತಂತಾಯಿತು. "ತಮಾಷೆ ಅಂದ್ರೆ ಎರಡೂ ಕಡೆಯವರು ನಗಬೇಕು ಸ್ವಾಮಿ! ಆ ಹುಡುಗಿ ನಕ್ಕಿದ್ದನ್ನ ನೀವು ನೋಡಿದ್ರಾ?" ಎಂದು ಮೇಜು ಗುದ್ದಿದೆ. ಮೇಜಿನ ಗಾಜು ಬಿರುಕು ಬಿಟ್ಟಿತು. ಕಾಡಿಸಿದ ಸೀನಿಯರ್‌ಗಳೂ, ವಿಡಿಯೋ ಹಂಚಿದ ಹುಡುಗರೂ ಸಸ್ಪೆಂಡ್ ಆದರು. ಭವ್ಯಳ ದೂರು ಎಸ್.ಐ. ಮೇಡಂ ಕೈ ಸೇರಿತು. ಕನ್ನಡಕದ ಹುಡುಗ ಅಳುತ್ತ ಹೊರಗೆ ಹೋದ. ಅವನನ್ನು ಕಂಡು ನನಗೆ ಈಗಲೂ ಕರುಳು ಚುರ್ ಎಂದಿತು. ಆದರೆ ಈ ಸಲ ಕರುಳಿನ ಅಭಿಪ್ರಾಯ ಕೇಳಲಿಲ್ಲ.

ಇನ್ನು ಭವ್ಯ ಬಂದು ಥ್ಯಾಂಕ್ಸ್ ಹೇಳುತ್ತಾಳೆ ಎಂದು ನಾನು ಕಾದದ್ದು ನಿಜ. ಸಮಿತಿಗೆ ಅವಳನ್ನೇ ವಿದ್ಯಾರ್ಥಿ ಪ್ರತಿನಿಧಿಯಾಗಿ ಸೇರಿಸಿಕೊಂಡೆವು. ಮೊದಲ ಸಭೆಯಲ್ಲೇ ಎದ್ದು ನಿಂತು, "ಸಂಚಾಲಕರನ್ನ ಬದಲಾಯಿಸ್ಬೇಕು," ಎಂದಳು. ಪ್ರಿನ್ಸಿಪಾಲರು ಗಾಬರಿಯಾಗಿ, "ಯಾಕಮ್ಮಾ, ಸಾರ್ ಸರಿಯಾಗೇ ಮಾಡಿದ್ರಲ್ಲ?" ಎಂದರು. "ಕೊನೆಗೆ ಸರಿಯಾಗೇ ಮಾಡಿದ್ರು ಸಾರ್. ಆದ್ರೆ ಅವರಿಗೆ ಅರ್ಥ ಆಗೋಕೆ ಎರಡು ಸಿನಿಮಾ ಬೇಕಾಯ್ತು. ಮುಂದಿನ ಹುಡುಗಿಗೆ ಅಷ್ಟು ಟೈಮ್ ಇರುತ್ತೋ ಇಲ್ವೋ." ಎಲ್ಲರೂ ನನ್ನ ಕಡೆ ನೋಡಿದರು. ನಾನೇ ಕೈ ಎತ್ತಿ ಅನುಮೋದಿಸಿದೆ.

ಮನೆಗೆ ಬರುವಾಗ ಮೈಯೆಲ್ಲ ಉರಿಯುತ್ತಿತ್ತು. ಚಪ್ಪಲಿ ಒಂದೊಂದು ದಿಕ್ಕಿಗೆ ಎಸೆದು, ಶಾರದಾಳ ಮುಂದೆ ಎಲ್ಲವನ್ನೂ ಒದರಿದೆ. ಇಷ್ಟು ವರ್ಷದ ಸೇವೆ, ಈಗಿನ ಮಕ್ಕಳ ಕೃತಘ್ನತೆ, ಪ್ರಿನ್ಸಿಪಾಲರ ಹೇಡಿತನ, ಒಂದನ್ನೂ ಬಿಡಲಿಲ್ಲ. ಅವಳು ಪೂರ್ತಿ ಕೇಳಿಸಿಕೊಂಡು, "ಒಳ್ಳೇ ಹುಡುಗಿ ಕಣ್ರೀ," ಎಂದಳು. ಆಮೇಲೆ, "ಕಾಫಿ ಕುಡೀತೀರಾ?" ಎಂದು ಕೇಳಿದಳು. ಸಿಟ್ಟಿನಲ್ಲಿ "ಬೇಡ" ಎಂದು ಗುಡುಗಿದೆ. ಅವಳು ಒಳಗೆ ಹೋಗಿ ತನಗೊಂದು ಲೋಟ ಬೆರೆಸಿಕೊಂಡು ಬಂದು ಎದುರಿಗೆ ಕುಳಿತು ಕುಡಿದಳು. ಇನ್ನೊಂದು ಸಲ ಕೇಳಬಹುದು ಎಂದು ಕಾದೆ. ಕೇಳಲಿಲ್ಲ.