ಇಂಧನ ಮಂತ್ರಿಯ ಮಾವ

ಬನಹಟ್ಟಿಯ ಗುರಪ್ಪನ ಪಾವರ್‌ಲೂಮಿನಲ್ಲಿ ಮದುವೆ ಮನೆಯ ಕೊನೆಯ ಸೀರೆ ಸಿಕ್ಕಿಕೊಂಡಿತ್ತು. ಸೆರಗೊಂದೇ ಬಾಕಿ, ಆದರೆ ಕರೆಂಟು ನಿನ್ನೆಯಿಂದ ಪತ್ತೆಯಿಲ್ಲ. "ಸಂಜೀ ಒಳಗ ಸೀರಿ ಬರಲಿಲ್ಲಂದ್ರ ಮುಂದಿನ ನೂಲು ಬ್ಯಾರೆಯವರ ಮನಿಗೆ," ಎಂದು ನೂಲು ಕೊಟ್ಟು ನೇಯಿಸುವ ಸುಭಾಷ್ ಸಾವಕಾರರು ಮುಂಜಾನೆಯೇ ಹೇಳಿ ಹೋಗಿದ್ದರು. ನೂಲಿಲ್ಲದ ಮಗ್ಗಕ್ಕೆ ಜೇಡರಹುಳವೇ ಒಡೆಯ.

ಆ ಹೊತ್ತಿಗೆ ಸರಿಯಾಗಿ ಪಕ್ಕದ ಮನೆಯ ಅಮಸಿದ್ದಪ್ಪ ಒಳಗೆ ಬಂದ. ಓಣಿಯ ಸಕಲ ಸತ್ಕಾರಗಳ ಅಧ್ಯಕ್ಷ ಅವನು. ಶಾಲು ಹೊದಿಸಲು ಒಂದು ಹೆಗಲು ಸಿಕ್ಕರೆ ಅವನಿಗೆ ಊಟವೂ ಬೇಡ.

"ಲೇ ಗುರಪ್ಪ, ಏನ್ ಸುಮ್ಮ ಕುಂತೀ? ನಿಮ್ಮ ಅಳ್ಯಾ ದಿಲ್ಲ್ಯಾಗ ಇಂಧನ ಮಂತ್ರಿ ಆಗ್ಯಾರ! ಇವತ್ತ ನಮ್ಮ ಓಣಿಗೇ ಬರಾಕತ್ತಾರ!"

ಮಂತ್ರಿಯ ಹೆಂಡತಿ ಇದೇ ಊರಿನ ಮಗಳು, ಗುರಪ್ಪ ಅವಳಿಗೆ ದೂರದ ಕಾಕಾ. ಅವಳ ಮದುವೆಯಲ್ಲಿ ಅಕ್ಕಿಕಾಳು ಹಾಕಿದ್ದು ಬಿಟ್ಟರೆ ಬೇರೆ ಬಳಕೆಯಿಲ್ಲ.

"ಮೊನ್ನಿತನಕ ಮೀನುಗಾರಿಕಿ ನೋಡ್ತಿದ್ರಲ್ಲೋ ಅವರು? ಕರೆಂಟಿಂದು ಅವರಿಗೇನ್ ಗೊತ್ತು?"

"ಗೊತ್ತಿರಬೇಕಂತ ಯಾರ್ ಹೇಳ್ಯಾರ? ಮೀನೇನ್ ಅವರನ್ನ ಕೇಳಿ ಈಜತಿದ್ವು? ದೇಶದ ಕರೆಂಟೆಲ್ಲಾ ಈಗ ಅವರ ಕೈಯಾಗ. ನೀ ಮಾವ ಅದಿ. ಒಂದ್ ಮಾತ ಕಿವ್ಯಾಗ ಹಾಕು!"

ಗುರಪ್ಪನಿಗೂ ಆಸೆ ಹುಟ್ಟಿತು. "ಕರೆಂಟ ಬಂದಕೂಡಲೆ ಮಗ್ಗ ಹಚ್ಚು, ಸೆರಗ ನೀನ ಮುಗಸು," ಎಂದು ಹೆಂಡತಿ ದಾನೇಶ್ವರಿಗೆ ಹೇಳಿ, ತೊಳೆದ ಧೋತರ ಉಟ್ಟು ಹೊರಟ.

ಓಣಿಯ ತುದಿಯ ಪೆಂಡಾಲಿನಲ್ಲಿ ಅವನನ್ನು ವೇದಿಕೆಗೆ ಹತ್ತಿಸಿ, "ಮಂತ್ರಿಗಳ ಮಾವ" ಎಂದು ಮೈಕಿನಲ್ಲಿ ಕೂಗಿದರು. ಬೆಳಿಗ್ಗೆ ಬರಬೇಕಾದ ಅಳಿಯ ಮಧ್ಯಾಹ್ನ ಕಳೆದರೂ ಇಲ್ಲ. ಇವನು ಏಳಹೋದಾಗಲೆಲ್ಲ ಅಮಸಿದ್ದಪ್ಪ ಧೋತರ ಜಗ್ಗಿ ಕೂರಿಸುತ್ತಿದ್ದ. ಓಣಿಯಿಂದ ಒಂದು ಮಗ್ಗದ ಸಪ್ಪಳವೂ ಇಲ್ಲ. ಕರೆಂಟು ಬಂದಿಲ್ಲ, ಇಲ್ಲಿಯ ಮೈಕು ಫ್ಯಾನೆಲ್ಲ ಜನರೇಟರಿನವು ಎಂದೇ ಗುರಪ್ಪ ತಿಳಿದ.

ಕೊನೆಗೂ ಹೊತ್ತು ಮುಳುಗುವಾಗ ಮಂತ್ರಿ ಬಂದರು. ದೇಶ ಹೇಗೆ ಬೆಳಗುತ್ತಿದೆಯೆಂದು ಗಂಟಲು ಹರಿಯುವಂತೆ ಭಾಷಣ ಮಾಡಿದರು. ಶಾಲು ಹೊದಿಸುವ ಹೊತ್ತಿಗೆ ಗುರಪ್ಪ ಬಾಯಿ ತೆರೆದ. ಅಮಸಿದ್ದಪ್ಪ ತೊಡೆ ಚಿವುಟಿದ.

"ಹುಚ್ಚಪ್ಪ, ಬಾಗಲಿಗೆ ಬಂದ ಅಳ್ಯಾಗ ಕೊಡೂದಿರತೈತಿ, ಬೇಡೂದಲ್ಲ!"

"ಕೇಳು ಅಂತ ನೀನ ಹೇಳಿದೆಲ್ಲೋ!"

ಗುರಪ್ಪ ಕೇಳಿಯೇಬಿಟ್ಟ. "ಸಾಹೇಬ್ರ, ನಮ್ಮ ಓಣ್ಯಾಗ ಕರೆಂಟ ಇಲ್ರಿ. ಮಗ್ಗ ನಿಂತಾವ್ರಿ."

ಮಂತ್ರಿ ತಲೆಯ ಮೇಲೆ ತಿರುಗುತ್ತಿದ್ದ ಫ್ಯಾನು ನೋಡಿ ನಕ್ಕರು. "ಮಾವಾರ, ಮುಂಜಾನಿಯಿಂದ ಓಣ್ಯಾಗ ಒಂದ್ ಗಳಿಗಿನೂ ಕರೆಂಟ ಹೋಗಿಲ್ಲಂತ. ಭಾಳ ಚ್ಯಾಷ್ಟಿ ಮಾಡ್ತೀರಿ ಬಿಡ್ರಿ!"

ಸಭೆಯೆಲ್ಲ ಚಪ್ಪಾಳೆ. ಗುರಪ್ಪನಿಗೆ ಅವಮಾನವೂ ತಟ್ಟಲಿಲ್ಲ. ಮುಂಜಾನೆಯಿಂದ ಕರೆಂಟು! ಹಾಗಾದರೆ ಸೆರಗು ಮುಗಿದು ಎಷ್ಟೋ ಹೊತ್ತಾಗಿರಬೇಕು. ಜನರನ್ನು ತಳ್ಳಿಕೊಂಡು ಮನೆಗೆ ಓಡಿದ.

ಮನೆಯಲ್ಲಿ ಬಲ್ಬು ಉರಿಯುತ್ತಿತ್ತು. ಸೀರೆ ಇದ್ದಲ್ಲೇ ಇತ್ತು. ದಾನೇಶ್ವರಿ ಮುಖ ಊದಿಸಿಕೊಂಡು ಕೂತಿದ್ದಳು.

"ಸಾವಕಾರ್ರು ಬಂದು ಹೋದ್ರು. ನೂಲು ಹೋತು."

"ಕರೆಂಟ ಇತ್ತಲ್ಲ! ಮಗ್ಗ ಯಾಕ ಹಚ್ಚಲಿಲ್ಲ?"

"ನೀವು ಹೋದ ಬೆನ್ನಲ್ಲೇ ಕರೆಂಟ ಬಂತು, ಹಚ್ಚಿದ್ದೆ. ಪೆಂಡಾಲಿನವರು ಬಂದು ಬಂದ್ ಮಾಡಿಸಿದ್ರು. ಮಗ್ಗದ ಸಪ್ಪಳಕ್ಕ ಭಾಷಣ ಕೇಳಂಗಿಲ್ಲ, ಇವತ್ತ ಓಣ್ಯಾಗ ಒಂದೂ ಮಗ್ಗ ಓಡಬಾರದು ಅಂತ ಅಮಸಿದ್ದಪ್ಪ ಮನಿಮನಿಗೆ ಮಂದಿ ಕಳಿಸಿದ್ದ."

"ಅವನ ಮಾತ ಯಾಕ ಕೇಳಿದ್ರಿ ನೀವೆಲ್ಲಾ?"

"ಅವನ ಮಾತಂತ ಯಾರ್ ಹೇಳಿದ್ರು? ಮಂತ್ರಿಗಳ ಮಾವನ ಹುಕುಂ ಅಂದ್ರು." ದಾನೇಶ್ವರಿ ಎದ್ದು ಬಾಗಿಲಿಗೆ ಅಗಳಿ ಹಾಕಿದಳು. "ಹೊರಗ ಹೋಗಬ್ಯಾಡ್ರಿ. ಓಣಿ ಮಂದಿ ನಿಮ್ಮನ್ನ ಹುಡುಕಾಕತ್ತಾರ."